ಹೈಬ್ರಿಡ್ ಕಾರು: ತಿಪಟೂರಿಗೊಂದು ಲೆಕ್ಕ, ಬೆಂಗಳೂರಿಗೊಂದು ಲೆಕ್ಕ

ಹೋದ ಸೆಮಿಸ್ಟರ್ ಇಂಟರ್ನಲ್ಸ್ ನಡೀತಿದ್ದಾಗ ನಮ್ಮ ರೂಮಿಗೆ ತಿಪಟೂರಿನಿಂದ ಒಂದು ಫೋನ್ ಬಂತು. ಮಾಡಿದ್ದು ನಮ್ಮ ರೂಮ್‌ಮೇಟ್‌ನ ಅಪ್ಪ. ಮಗನ ಜೊತೆ ಎರಡು ನಿಮಿಷ ಮಾತಾಡಿ, "ಸ್ಪೀಕರ್‌ಗೆ ಹಾಕಪ್ಪ, ನಿನ್ ಫ್ರೆಂಡ್ಸೂ ಕೇಳ್ಲಿ" ಅಂದರು. ಆಮೇಲೆ, "ಕಾರ್ ತಗೋಬೇಕು ಅಂತಿದೀನಿ ಕಣ್ರಪ್ಪಾ. ಷೋರೂಮಿನವನು ಹೈಬ್ರಿಡ್ ತಗೊಳ್ಳಿ ಸಾರ್, ಇಪ್ಪತ್ತೆಂಟು ಮೈಲೇಜ್ ಕೊಡುತ್ತೆ ಅಂತಾನೆ. ಮಾಮೂಲಿ ಪೆಟ್ರೋಲ್‌ಗಿಂತ ಮೂರು ಲಕ್ಷ ಜಾಸ್ತಿ. ನೀವೆಲ್ಲಾ ಮೆಕ್ಯಾನಿಕಲ್ ಅಲ್ವೇನ್ರಪ್ಪಾ, ಹೇಳಿ, ಯಾವ್ದು ತಗೊಳ್ಳಲಿ?"

ನಾವು ಮೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ವಾರವೇ ಆಟೋ ಸೈಕಲ್‌ನ ದಕ್ಷತೆಯ ಸೂತ್ರವನ್ನು ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಒಂಬತ್ತು ತಗೊಂಡಿದ್ದೆವು. ಆದರೆ ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. "ನೋಡಿ ಹೇಳ್ತೀವಿ ಅಂಕಲ್" ಅಂದೆವು. ಅದು ಕೊಬ್ಬರಿ ಮಾರಿದ ದುಡ್ಡು, ಜೊತೆಗೆ ಬ್ಯಾಂಕ್ ಸಾಲ. ಅದೇ ದುಡ್ಡಲ್ಲಿ ತೋಟಕ್ಕೆ ಡ್ರಿಪ್ ಹಾಕಿಸಬೇಕು ಅನ್ನೋದೂ ಅವರ ಲಿಸ್ಟ್‌ನಲ್ಲಿ ಇತ್ತಂತೆ. ಹಾಗಾಗಿ ಯೂಟ್ಯೂಬ್ ನೋಡಿ ಏನೋ ಒಂದು ಹೇಳಿಬಿಡೋಕೆ ಮನಸ್ಸು ಬರಲಿಲ್ಲ. ಕೂತು ಲೆಕ್ಕ ಹಾಕಿದೆವು. ಆ ಲೆಕ್ಕವೇ ಈ ಬರಹ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಷೋರೂಮುಗಳಲ್ಲಿ "ಹೈಬ್ರಿಡ್" ಅನ್ನೋ ಪದ ಎರಡು ಬೇರೆ ಬೇರೆ ವಸ್ತುಗಳಿಗೆ ಅಂಟಿಕೊಂಡಿದೆ. ಒಂದು ಮೈಲ್ಡ್ ಹೈಬ್ರಿಡ್. ಇದರಲ್ಲಿ ಆಲ್ಟರ್ನೇಟರ್ ಜಾಗದಲ್ಲಿ ಸ್ವಲ್ಪ ದೊಡ್ಡ ಮೋಟಾರ್-ಜನರೇಟರ್ ಇರುತ್ತೆ. ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುತ್ತೆ, ವೇಗ ಹೆಚ್ಚಿಸುವಾಗ ಎಂಜಿನ್ನಿಗೆ ಸ್ವಲ್ಪ ಕೈ ಕೊಡುತ್ತೆ, ಅಷ್ಟೇ. ಮೋಟಾರ್ ಒಂದರಿಂದಲೇ ಕಾರು ಓಡೋದಿಲ್ಲ. ಇನ್ನೊಂದು ಸ್ಟ್ರಾಂಗ್ ಹೈಬ್ರಿಡ್. ಇದರಲ್ಲಿ ಎಂಜಿನ್ ಪೂರ್ತಿ ಆಫ್ ಆಗಿದ್ದರೂ ಮೋಟಾರ್ ಕಾರನ್ನು ಎಳೆದುಕೊಂಡು ಹೋಗಬಲ್ಲದು. ಅಂಕಲ್‌ಗೆ ಷೋರೂಮಿನವರು ಹೇಳಿದ್ದು ಎರಡನೆಯದು. ತಮಾಷೆ ಏನಂದ್ರೆ, ಅವರು "ಮಾಮೂಲಿ ಪೆಟ್ರೋಲ್" ಅಂತ ಹೋಲಿಸಿದ ಕಾರಿನಲ್ಲೂ ಮೈಲ್ಡ್ ಹೈಬ್ರಿಡ್ ಇತ್ತು!

ನಮ್ಮ ದೇಶದಲ್ಲಿ ಸ್ಟ್ರಾಂಗ್ ಹೈಬ್ರಿಡ್ ಕಥೆ ನಮ್ಮ ಮನೆ ಬಾಗಿಲಲ್ಲೇ ಇದೆ. ಟೊಯೊಟಾದ ಪ್ರಿಯಸ್ ಜಪಾನಿನಲ್ಲಿ 1997ರಲ್ಲಿ ಬಂದದ್ದು. ಅದೇ ತಂತ್ರಜ್ಞಾನದ ಕ್ಯಾಮ್ರಿ ಹೈಬ್ರಿಡ್ ಕಾರನ್ನು 2013ರಿಂದ ನಮ್ಮ ಬಿಡದಿಯಲ್ಲೇ ಜೋಡಿಸಲು ಶುರು ಮಾಡಿದರು. ಆದರೆ ಅದು ನಮ್ಮಂಥವರ ಬಜೆಟ್‌ನ ಕಾರಲ್ಲ. 2022ರಲ್ಲಿ ಹೈರೈಡರ್, ಅದರ ಅವಳಿಯಾದ ಮಾರುತಿಯ ಗ್ರ್ಯಾಂಡ್ ವಿಟಾರಾ, ಆಮೇಲೆ ಇನ್ನೋವಾ ಹೈಕ್ರಾಸ್, ಮೂರೂ ಬಿಡದಿಯಿಂದಲೇ ಹೊರಬಂದವು. ಅದೇ ವರ್ಷ ಹೋಂಡಾ ಸಿಟಿಯ ಹೈಬ್ರಿಡ್ ಕೂಡ ಬಂತು. ತಟ್ಟೆ ಇಡ್ಲಿ ತಿನ್ನೋಕೆ ಬಿಡದಿಗೆ ಹೋಗೋರು ನಾವು. ಅದೇ ಊರಲ್ಲಿ ಪ್ಲಾನೆಟರಿ ಗೇರ್ ಇಟ್ಟ ಕಾರು ತಯಾರಾಗ್ತಿದೆ ಅಂತ ಆವತ್ತಿನವರೆಗೂ ತಲೆಗೆ ಬಂದಿರಲಿಲ್ಲ.

ಈಗ ಕಂಪನಿ ಹೇಳುವ ಅಂಕಿಗಳು. ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್ ಲೀಟರಿಗೆ 27.97 ಕಿ.ಮೀ., ಅದೇ ಕಾರಿನ ಮ್ಯಾನ್ಯುಯಲ್ ಪೆಟ್ರೋಲ್ 21.11, ಆಟೋಮ್ಯಾಟಿಕ್ 20.58. ಹೈಕ್ರಾಸ್ ಹೈಬ್ರಿಡ್ 23.24, ಪೆಟ್ರೋಲ್ 16.13. ನೋಡಿದ ತಕ್ಷಣ ನಾವು ಮಾಡಿದ ತಪ್ಪು ಏನಂದ್ರೆ, ಕಿಲೋಮೀಟರ್‌ಗಳನ್ನು ಕಳೆದುಬಿಟ್ಟೆವು. 27.97ರಲ್ಲಿ 21.11 ಹೋದರೆ ಸುಮಾರು 7, 23.24ರಲ್ಲಿ 16.13 ಹೋದರೂ ಸುಮಾರು 7. ಓ, ಎರಡರಲ್ಲೂ ಲಾಭ ಒಂದೇ ಅಂದುಕೊಂಡೆವು. ಅದು ಪೂರ್ತಿ ತಪ್ಪು.

ನಮ್ಮ ಜೇಬಿನಿಂದ ಹೋಗೋದು ಕಿಲೋಮೀಟರ್ ಅಲ್ಲ, ಲೀಟರ್. ಆದ್ದರಿಂದ ಭಿನ್ನರಾಶಿಯನ್ನು ತಲೆಕೆಳಗು ಮಾಡಬೇಕು: 100 ಕಿ.ಮೀ. ಓಡೋಕೆ ಎಷ್ಟು ಲೀಟರ್ ಬೇಕು? ಯುರೋಪಿನಲ್ಲಿ ಹೀಗೇ ಬರೆಯುತ್ತಾರೆ. ಹೈರೈಡರ್ ಮ್ಯಾನ್ಯುಯಲ್‌ಗೆ 4.74 ಲೀಟರ್, ಹೈಬ್ರಿಡ್‌ಗೆ 3.58. ಉಳಿತಾಯ 1.16 ಲೀಟರ್. ಹೈಕ್ರಾಸ್ ಪೆಟ್ರೋಲ್‌ಗೆ 6.20, ಹೈಬ್ರಿಡ್‌ಗೆ 4.30. ಉಳಿತಾಯ 1.90 ಲೀಟರ್. ಅದೇ "ಏಳು ಕಿಲೋಮೀಟರ್ ಜಾಸ್ತಿ ಮೈಲೇಜ್", ಆದರೆ ದೊಡ್ಡ ಕಾರಿನಲ್ಲಿ ಉಳಿಯೋ ಪೆಟ್ರೋಲ್ ಒಂದೂವರೆ ಪಟ್ಟಿಗಿಂತ ಹೆಚ್ಚು. ಜಾಹೀರಾತಿನಲ್ಲಿ "44 ಪರ್ಸೆಂಟ್ ಹೆಚ್ಚು ಮೈಲೇಜ್" ಅಂತ ಬಂದರೆ ಪೆಟ್ರೋಲ್ ಬಿಲ್ 44 ಪರ್ಸೆಂಟ್ ಇಳಿಯುತ್ತೆ ಅಂತ ತಿಳ್ಕೋಬೇಡಿ. ಇಳಿಯೋದು ಸುಮಾರು 31. ಇಷ್ಟು ಸಣ್ಣ ವಿಷಯ, ಆದರೆ ನಮ್ಮ ಕ್ಲಾಸಿನಲ್ಲಿ ಹತ್ತು ಜನಕ್ಕೆ ಕೇಳಿ ನೋಡಿ, ಎಂಟು ಜನ ಬೀಳ್ತಾರೆ. ನಾವೂ ಬಿದ್ದವರೇ.

ಸರಿ, ಈ ಉಳಿತಾಯ ಎಲ್ಲಿಂದ ಬರುತ್ತೆ? ಹೈಬ್ರಿಡ್ ಕಾರನ್ನು ನಾವು ಚಾರ್ಜಿಗೆ ಹಾಕೋದಿಲ್ಲ. ಅದರೊಳಗೆ ಬರುವ ಶಕ್ತಿಯೆಲ್ಲ ಬಂಕಿನಲ್ಲಿ ಹಾಕಿಸಿದ ಪೆಟ್ರೋಲಿನದ್ದೇ. ಹಾಗಿದ್ದರೆ ಒಂದು ಬ್ಯಾಟರಿ, ಎರಡು ಮೋಟಾರ್, ಇನ್ವರ್ಟರ್ ಅಂತ ತೂಕ ಹೇರಿಕೊಂಡ ಕಾರು ಅದಿಲ್ಲದ ಕಾರಿಗಿಂತ ಕಡಿಮೆ ಪೆಟ್ರೋಲ್ ಕುಡಿಯೋದು ಹೇಗೆ? ಇದು ಅಂಕಲ್ ಕೇಳದೆ ಇದ್ದ, ಆದರೆ ನಮ್ಮನ್ನು ಎರಡು ರಾತ್ರಿ ಕೂರಿಸಿದ ಪ್ರಶ್ನೆ.

ಉತ್ತರ ಇರೋದು ಹೈಬ್ರಿಡ್‌ನಲ್ಲಿ ಅಲ್ಲ, ಮಾಮೂಲಿ ಕಾರು ಎಷ್ಟು ಪೋಲು ಮಾಡುತ್ತೆ ಅನ್ನೋದರಲ್ಲಿ. ಕಂಪ್ರೆಷನ್ ರೇಶಿಯೋ 10 ಇರುವ ಆಟೋ ಸೈಕಲ್‌ಗೆ ಪುಸ್ತಕದ ಸೂತ್ರ ಹಾಕಿದರೆ ದಕ್ಷತೆ 60 ಪರ್ಸೆಂಟ್ ಬರುತ್ತೆ. ಒಳ್ಳೆಯ ನಿಜವಾದ ಪೆಟ್ರೋಲ್ ಎಂಜಿನ್, ಅದಕ್ಕೆ ಇಷ್ಟವಾದ ವೇಗ ಮತ್ತು ಲೋಡ್‌ನಲ್ಲಿ ಓಡಿದರೆ, 35ರಿಂದ 40ರ ತನಕ ಮುಟ್ಟುತ್ತೆ. ಆದರೆ ಊರೊಳಗೆ ಅದನ್ನು ಆ ಜಾಗದಲ್ಲಿ ಓಡಿಸೋರು ಯಾರು?

ಒಂದು ಲೆಕ್ಕ ಮಾಡಿ. ಜನ ಸೇರಿ 1500 ಕೆ.ಜಿ. ತೂಕದ ಒಂದು ಎಸ್‌ಯುವಿ. ಗಂಟೆಗೆ 40 ಕಿ.ಮೀ. ಸಮವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಹೋಗ್ತಿದೆ. ಟೈರಿನ ಉರುಳು ಪ್ರತಿರೋಧ ಸುಮಾರು 150 ನ್ಯೂಟನ್, ಗಾಳಿಯ ಎಳೆತ ಸುಮಾರು 60 ನ್ಯೂಟನ್. ಒಟ್ಟು ಬಲವನ್ನು ವೇಗದಿಂದ ಗುಣಿಸಿದರೆ ಬರೋದು ಸುಮಾರು 2.3 ಕಿಲೋವ್ಯಾಟ್. ಹಾಸ್ಟೆಲಿನ ಒಂದು ಗೀಸರ್ ತಗೊಳ್ಳೋ ಪವರ್! ಇಷ್ಟಕ್ಕೆ ನಾವು 75 ಕಿಲೋವ್ಯಾಟ್ ಎಂಜಿನ್ ಓಡಿಸ್ತಾ ಇದ್ದೀವಿ. ಥ್ರಾಟಲ್ ಮುಕ್ಕಾಲು ಮುಚ್ಚಿರುತ್ತೆ. ಪಿಸ್ಟನ್ ಪ್ರತಿ ಸಲ ಆ ಸಣ್ಣ ಸಂದಿನಿಂದ ಗಾಳಿ ಎಳೆದುಕೊಳ್ಳೋಕೆ ಒದ್ದಾಡಬೇಕು. ಮೂಗು ಹಿಡಿದುಕೊಂಡು ಮೆಟ್ಟಿಲು ಹತ್ತಿದ ಹಾಗೆ. ಇದಕ್ಕೇ ಪಂಪಿಂಗ್ ಲಾಸ್ ಅನ್ನೋದು. ಘರ್ಷಣೆ, ಆಯಿಲ್ ಪಂಪ್, ವಾಟರ್ ಪಂಪ್ ಇವುಗಳ ಖರ್ಚು ಹೆಚ್ಚು ಕಡಿಮೆ ಅಷ್ಟೇ ಇರುತ್ತೆ, ಉಪಯೋಗಕ್ಕೆ ಬರೋ ಕೆಲಸ ಮಾತ್ರ ಚೂರು. ದಕ್ಷತೆ ಇಪ್ಪತ್ತರ ಆಸುಪಾಸಿಗೆ ಬೀಳುತ್ತೆ. ಸಿಗ್ನಲ್‌ನಲ್ಲಿ ನಿಂತರೆ ಸೊನ್ನೆ.

ಇದರ ಮೇಲೆ ಬ್ರೇಕ್. ನಮ್ಮ ರೂಮ್‌ಮೇಟ್‌ನ ಸೋದರಮಾವ ಕೆ.ಆರ್. ಪುರದಲ್ಲಿದ್ದಾರೆ. ಸ್ವಂತ ಹೈಕ್ರಾಸ್ ಹೈಬ್ರಿಡ್ ಇಟ್ಟುಕೊಂಡು ಕಂಪನಿ ಕಾಂಟ್ರ್ಯಾಕ್ಟ್ ಮತ್ತು ಏರ್‌ಪೋರ್ಟ್ ಟ್ರಿಪ್ ಹೊಡೀತಾರೆ. "ಪುಸ್ತಕದಲ್ಲಿ ನೋಡಿದ್ದು ಸಾಕು, ಬನ್ರೋ ಕೂತ್ಕೊಳ್ಳಿ" ಅಂತ ಒಂದು ಸಂಜೆ ಕರೆದುಕೊಂಡು ಹೋದರು. ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡ್, ಔಟರ್ ರಿಂಗ್ ರೋಡ್, ಆರು ಗಂಟೆ. ಹಿಂದಿನ ಸೀಟಿನಲ್ಲಿ ಕೂತು ಕಾರು ಪೂರ್ತಿ ನಿಂತಾಗಲೆಲ್ಲ ಒಂದೊಂದು ಗೆರೆ ಎಳೆದೆವು. ನಲವತ್ತು ದಾಟಿದ ಮೇಲೆ ಎಣಿಸೋದನ್ನು ಬಿಟ್ಟೆವು. ಇದೇನು ಪ್ರಯೋಗ ಅಲ್ಲ ಬಿಡಿ, ಒಂದು ಸಂಜೆಯ ಕಥೆ. ಆದರೆ ಲೆಕ್ಕಕ್ಕೆ ಬೇಕಾದ ಅಂಕಿ ಸಿಕ್ಕಿತು.

1500 ಕೆ.ಜಿ. ಕಾರು ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದಾಗ ಚಲನ ಶಕ್ತಿ ಸುಮಾರು 52 ಕಿಲೋಜೂಲ್. ಬ್ರೇಕ್ ಒತ್ತಿದರೆ ಇದು ಡಿಸ್ಕ್ ಬಿಸಿ ಮಾಡಿ ಗಾಳಿಗೆ ಹೋಗುತ್ತೆ. ಇಷ್ಟು ಶಕ್ತಿ ಕೊಡೋಕೆ 25 ಪರ್ಸೆಂಟ್ ದಕ್ಷತೆಯಲ್ಲಿ ಸುಮಾರು 208 ಕಿಲೋಜೂಲ್ ಪೆಟ್ರೋಲ್ ಸುಡಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಇದೆ, ಅಂದರೆ ಒಂದು ಮಿಲಿಲೀಟರ್‌ಗೆ 32 ಕಿಲೋಜೂಲ್. ಭಾಗಿಸಿದರೆ ಒಂದು ಬ್ರೇಕಿಗೆ ಆರೂವರೆ ಮಿಲಿ, ಒಂದು ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ. ನಲವತ್ತು ಸಲ ನಿಂತರೆ 260 ಮಿಲಿ. ಇಪ್ಪತ್ತು ನಿಮಿಷ ನಿಂತಲ್ಲೇ ಎಂಜಿನ್ ಓಡ್ತಾ ಇದ್ದರೆ, ಗಂಟೆಗೆ ಮುಕ್ಕಾಲು ಲೀಟರ್ ಲೆಕ್ಕದಲ್ಲಿ, ಇನ್ನೊಂದು 250 ಮಿಲಿ. ಒಂದು ಸಂಜೆ, ಒಂದೇ ರಸ್ತೆ, ಒಂದು ಕಾರು, ಅರ್ಧ ಲೀಟರ್ ಎಲ್ಲಿಗೂ ಹೋಗದೆ ಖಾಲಿ. ಅಕ್ಕಪಕ್ಕದ ಲೇನ್‌ಗಳನ್ನು ನೋಡಿ ನಮಗೆ ಸುಮ್ಮನೆ ಹೊಟ್ಟೆ ಉರೀತು.

ಹೈಬ್ರಿಡ್ ಹಿಡಿಯೋದು ಈ ಪೋಲನ್ನೇ. ಬ್ರೇಕ್ ಒತ್ತಿದಾಗ ಮೋಟಾರು ಜನರೇಟರ್ ಆಗಿ ಚಕ್ರವನ್ನು ತಡೆದು ಆ ಶಕ್ತಿಯನ್ನು ಬ್ಯಾಟರಿಗೆ ಹಾಕುತ್ತೆ. ಪೂರ್ತಿ ವಾಪಸ್ ಬರಲ್ಲ. ಜನರೇಟರ್, ಇನ್ವರ್ಟರ್, ಬ್ಯಾಟರಿ, ಮತ್ತೆ ಮೋಟಾರ್ ಅಂತ ಪ್ರತಿ ಕಡೆ ಸ್ವಲ್ಪ ಸ್ವಲ್ಪ ಸೋರಿ, ಅರ್ಧಕ್ಕಿಂತ ಸ್ವಲ್ಪ ಮೇಲೆ ಉಳಿಯುತ್ತೆ ಅಂತ ಇಟ್ಕೊಳ್ಳಿ. ಜೋರಾಗಿ ಬ್ರೇಕ್ ಹೊಡೆದರೆ ಅದೂ ಇಲ್ಲ, ಮಾಮೂಲಿ ಡಿಸ್ಕ್ ಬ್ರೇಕೇ ಕೆಲಸಕ್ಕೆ ಬರುತ್ತೆ. ಮಾವ ಇದನ್ನು ಯಾವ ಪುಸ್ತಕವೂ ಓದದೆ ಕಂಡುಕೊಂಡಿದ್ದಾರೆ. ಮುಂದಿನ ಗಾಡಿಯ ಲೈಟ್ ಕೆಂಪಾಗೋದು ಕಂಡ ಕೂಡಲೇ ಕಾಲೆತ್ತಿ, ಬ್ರೇಕನ್ನು ಬಹಳ ಮೆಲ್ಲಗೆ ಮುಟ್ಟುತ್ತಾರೆ. "ಇದನ್ನ ಹಾಲು ಕರೆದಂಗೆ ಕರೀಬೇಕು ಕಣ್ರೋ" ಅಂದರು.

ನಿಂತಾಗ ಎಂಜಿನ್ ಆಫ್ ಅನ್ನೋದು ಹೇಳೋ ಅಗತ್ಯ ಇಲ್ಲ. ಎ.ಸಿ. ಕಂಪ್ರೆಸರ್ ಕೂಡ ಬೆಲ್ಟಿನಿಂದ ಅಲ್ಲ, ಕರೆಂಟಿನಿಂದ ಓಡೋದರಿಂದ ಸಿಗ್ನಲ್‌ನಲ್ಲೂ ಒಳಗೆ ತಂಪಾಗೇ ಇರುತ್ತೆ.

ಮೂರನೆಯದು ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು: ಅಟ್ಕಿನ್‌ಸನ್ ಸೈಕಲ್. ಜೇಮ್ಸ್ ಅಟ್ಕಿನ್‌ಸನ್ ಅನ್ನೋ ಇಂಗ್ಲೆಂಡಿನ ಎಂಜಿನಿಯರ್ 1880ರ ದಶಕದಲ್ಲಿ ಮಾಡಿದ್ದು. ಅವನ ಎಂಜಿನ್ನಿನ ಲಿಂಕೇಜ್ ಚಿತ್ರ ನೋಡಿದರೆ ತಲೆ ತಿರುಗುತ್ತೆ. ಈಗಿನವರು ಅದನ್ನು ವಾಲ್ವ್ ಟೈಮಿಂಗ್‌ನಲ್ಲೇ ಮುಗಿಸ್ತಾರೆ. ಪಿಸ್ಟನ್ ಮೇಲೆ ಬರೋಕೆ ಶುರುವಾದ ಮೇಲೂ ಇನ್‌ಟೇಕ್ ವಾಲ್ವನ್ನು ಸ್ವಲ್ಪ ಹೊತ್ತು ತೆರೆದೇ ಇಡೋದು. ಒಳಗೆ ಬಂದ ಗಾಳಿಯಲ್ಲಿ ಒಂದಿಷ್ಟು ವಾಪಸ್ ಮ್ಯಾನಿಫೋಲ್ಡಿಗೆ ಹೋಗುತ್ತೆ. ಆಗ ಒತ್ತುವ ಹೊಡೆತ ಚಿಕ್ಕದು, ಹಿಗ್ಗುವ ಹೊಡೆತ ಪೂರ್ತಿ ಉದ್ದ. ಉರಿದ ಅನಿಲದಿಂದ ಇನ್ನಷ್ಟು ಕೆಲಸ ಹಿಂಡಿಕೊಂಡು ಆಮೇಲೆ ಹೊರಗೆ ಬಿಡಬಹುದು. ಥ್ರಾಟಲ್ ಮುಚ್ಚೋ ಅಗತ್ಯವೂ ಕಡಿಮೆ ಆಗೋದರಿಂದ ಪಂಪಿಂಗ್ ಲಾಸ್ ಇಳಿಯುತ್ತೆ. ಹೈಕ್ರಾಸ್‌ನ ಎರಡು ಲೀಟರ್ ಹೈಬ್ರಿಡ್ ಎಂಜಿನ್ನಿಗೆ ಟೊಯೊಟಾ ಹೇಳುವ ಗರಿಷ್ಠ ದಕ್ಷತೆ 41 ಪರ್ಸೆಂಟ್.

ಇಷ್ಟು ಒಳ್ಳೆಯದಾದರೆ ಎಲ್ಲ ಕಾರಿಗೂ ಹಾಕಬಹುದಲ್ಲ? ತೊಂದರೆ ಏನಂದ್ರೆ, ಗಾಳಿ ವಾಪಸ್ ಬಿಟ್ಟ ಮೇಲೆ ಸಿಲಿಂಡರಿನಲ್ಲಿ ಸರಕು ಕಡಿಮೆ. ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಸೊರಗುತ್ತೆ. ಸಿಗ್ನಲ್ ಬಿಟ್ಟಾಗ ಕಾರು ಏಳೋದೇ ಇಲ್ಲ. ಎಲೆಕ್ಟ್ರಿಕ್ ಮೋಟಾರಿನ ಸ್ವಭಾವ ಇದಕ್ಕೆ ಸರಿಯಾಗಿ ಉಲ್ಟಾ: ಸೊನ್ನೆ ವೇಗದಲ್ಲೇ ಪೂರ್ತಿ ಟಾರ್ಕ್. ಒಬ್ಬನಿಗೆ ಇಲ್ಲದ್ದು ಇನ್ನೊಬ್ಬನ ಹತ್ತಿರ ಇದೆ. ನಮ್ಮ ಲ್ಯಾಬ್ ಪಾರ್ಟ್‌ನರ್‌ಗಳ ಹಾಗೆ, ಒಬ್ಬ ರೀಡಿಂಗ್ ತಗೋತಾನೆ, ಇನ್ನೊಬ್ಬ ರೆಕಾರ್ಡ್ ಬರೀತಾನೆ.

ಇವರಿಬ್ಬರನ್ನೂ ಸೇರಿಸೋದು ಪ್ಲಾನೆಟರಿ ಗೇರ್. ಹೌದು, ಕೈನೆಮ್ಯಾಟಿಕ್ಸ್‌ನಲ್ಲಿ ಟೇಬಲ್ ಹಾಕಿ ಬಿಡಿಸ್ತೀವಲ್ಲ, ಅದೇ. ಎಂಜಿನ್ ಕ್ಯಾರಿಯರ್‌ಗೆ, ಒಂದು ಮೋಟಾರ್-ಜನರೇಟರ್ ಸನ್ ಗೇರಿಗೆ, ದೊಡ್ಡ ಮೋಟಾರ್ ಮತ್ತು ಚಕ್ರಗಳು ರಿಂಗ್ ಗೇರಿಗೆ. ಪ್ರಿಯಸ್‌ನ ಶುರುವಿನ ಮಾದರಿಗಳಲ್ಲಿ ಸನ್‌ಗೆ 30 ಹಲ್ಲು, ರಿಂಗ್‌ಗೆ 78. ಎಂಜಿನ್ ನಿಂತಿದ್ದು ಕಾರು ಓಡ್ತಿದ್ದರೆ ಸನ್ ಗೇರು ರಿಂಗ್‌ನ 2.6 ಪಟ್ಟು ವೇಗದಲ್ಲಿ ಹಿಮ್ಮುಖವಾಗಿ ತಿರುಗುತ್ತೆ. ನಿಮ್ಮ ಟೇಬಲ್ ಹಾಕಿ ನೋಡಿ, ಬರುತ್ತೆ. ಎಂಜಿನ್ ಟಾರ್ಕಿನ 72 ಪರ್ಸೆಂಟ್ ನೇರ ರಿಂಗಿಗೆ, ಉಳಿದ 28 ಸನ್ ಕಡೆಗೆ. ಸನ್ ಗೇರಿನ ಮೋಟಾರಿನ ವೇಗ ಬದಲಿಸಿದರೆ, ಕಾರಿನ ವೇಗ ಏನೇ ಇರಲಿ, ಎಂಜಿನ್ನನ್ನು ಅದಕ್ಕೆ ಇಷ್ಟವಾದ ಆರ್‌ಪಿಎಂನಲ್ಲಿ ಕೂರಿಸಬಹುದು. ಕ್ಲಚ್ ಇಲ್ಲ, ಬೆಲ್ಟ್ ಇಲ್ಲ. ಐದು ಮಾರ್ಕಿನ ಪ್ರಶ್ನೆ ಅಂತ ನಾವು ಬಿಟ್ಟುಬಿಟ್ಟಿದ್ದ ಚಾಪ್ಟರ್ ಇದು. ಹೋಂಡಾ ಬೇರೆ ದಾರಿ ಹಿಡಿದಿದೆ. ಊರೊಳಗೆ ಎಂಜಿನ್ ಬರೀ ಜನರೇಟರ್ ತಿರುಗಿಸುತ್ತೆ, ಚಕ್ರ ತಿರುಗಿಸೋದು ಮೋಟಾರು. ಹೈವೇ ವೇಗದಲ್ಲಿ ಮಾತ್ರ ಒಂದು ಕ್ಲಚ್ ಎಂಜಿನ್ನನ್ನು ನೇರ ಚಕ್ರಕ್ಕೆ ಕೂಡಿಸುತ್ತೆ.

ಬ್ಯಾಟರಿ ಬಗ್ಗೆ ಒಂದು ಮಾತು, ಯಾಕಂದ್ರೆ ಜನ ಇಲ್ಲಿ ಬಹಳ ದೊಡ್ಡದೇನೋ ಊಹಿಸಿಕೊಳ್ತಾರೆ. ಹೈರೈಡರ್ ಹೈಬ್ರಿಡ್‌ನ ಬ್ಯಾಟರಿ 0.76 ಕಿಲೋವ್ಯಾಟ್ ಅವರ್. ಮೆಗಾಜೂಲ್‌ಗೆ ತಿರುಗಿಸಿದರೆ 2.7. ಪೆಟ್ರೋಲಿನ ಲೆಕ್ಕದಲ್ಲಿ ಸುಮಾರು 85 ಮಿಲಿಯಲ್ಲಿರುವ ಶಕ್ತಿ, ಒಂದು ಬೈ-ಟು ಕಾಫಿ ಲೋಟದಷ್ಟು! ಇದು ಟ್ಯಾಂಕ್ ಅಲ್ಲ, ಚಿಲ್ಲರೆ ಇಡೋ ಪರ್ಸ್. ಬ್ರೇಕ್ ಹಾಕಿದಾಗ ಸಿಕ್ಕಿದ್ದನ್ನು ಒಳಗಿಟ್ಟು ಮುಂದಿನ ಸಿಗ್ನಲ್‌ನಲ್ಲಿ ಖರ್ಚು ಮಾಡೋಕೆ ಅಷ್ಟು ಸಾಕು. ಘಾಟಿಯಲ್ಲಿ ಮಾತ್ರ ಅದರ ಚಿಕ್ಕತನ ಗೊತ್ತಾಗುತ್ತೆ. ಅರ್ಧ ಖಾಲಿ ಇದ್ದ ಬ್ಯಾಟರಿ ಇಟ್ಟುಕೊಂಡು ಆಗುಂಬೆ ಇಳೀತಿದ್ದೀವಿ ಅಂದುಕೊಳ್ಳಿ. 1500 ಕೆ.ಜಿ. ಕಾರು ಒಂದು ಮೀಟರ್ ಎತ್ತರ ಇಳಿದರೆ ಸುಮಾರು 15 ಕಿಲೋಜೂಲ್. ಸೋರಿಕೆ ಎಲ್ಲ ಕಳೆದರೂ ಸುಮಾರು 150 ಮೀಟರ್ ಎತ್ತರ ಇಳಿಯೋ ಹೊತ್ತಿಗೆ ಬ್ಯಾಟರಿ ತುಂಬಿ ಹೋಗಿರುತ್ತೆ. ಇನ್ನೂ ನೂರಾರು ಮೀಟರ್ ಇಳಿಯೋದು ಬಾಕಿ. ಆಮೇಲೆ ಹೈಬ್ರಿಡ್ಡೂ ಎಂಜಿನ್ ಬ್ರೇಕಿಂಗ್ ಮಾಡುತ್ತಾ ಎಲ್ಲರ ಹಾಗೆ ಇಳಿಯಬೇಕು.

ಈಗ ಹೈವೇ. ಅಂಕಲ್ ಕಾರು ಓಡೋದು ಅಲ್ಲೇ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿಯ ಎಳೆತ ಸುಮಾರು 370 ನ್ಯೂಟನ್‌ಗೆ ಏರುತ್ತೆ, ವೇಗದ ವರ್ಗಕ್ಕೆ ತಕ್ಕ ಹಾಗೆ. ಬೇಕಾದ ಪವರ್ 14 ಕಿಲೋವ್ಯಾಟ್ ದಾಟುತ್ತೆ, 40ರಲ್ಲಿ ಬೇಕಾದ್ದರ ಆರು ಪಟ್ಟು. ಎಂಜಿನ್ನಿಗೆ ಈಗ ಮರ್ಯಾದೆಯ ಕೆಲಸ ಸಿಕ್ಕಿತು. ಮಾಮೂಲಿ ಎಂಜಿನ್ ಕೂಡ ಒಳ್ಳೆ ದಕ್ಷತೆಯಲ್ಲಿ ಓಡುತ್ತೆ. ಬ್ರೇಕ್ ಅಪರೂಪ, ನಿಲ್ಲೋದು ಇನ್ನೂ ಅಪರೂಪ. ಹಿಡಿಯೋಕೆ ಪೋಲೇ ಇಲ್ಲದ ಮೇಲೆ ಹೈಬ್ರಿಡ್ ಏನು ಹಿಡಿಯುತ್ತೆ? ಅಟ್ಕಿನ್‌ಸನ್‌ನ ಲಾಭ ಉಳಿಯುತ್ತೆ, ಅಷ್ಟೇ. ಬ್ಯಾಟರಿ ಮೋಟಾರುಗಳ ತೂಕ ಸುಮ್ಮನೆ ಪ್ರಯಾಣಿಕ. ಮಾಮೂಲಿ ಕಾರು ಹೈವೇಯಲ್ಲಿ ಊರೊಳಗಿಗಿಂತ ಜಾಸ್ತಿ ಮೈಲೇಜ್ ಕೊಡುತ್ತೆ. ಹೈಬ್ರಿಡ್ ಬಹಳ ಸಲ ಊರೊಳಗೇ ಜಾಸ್ತಿ ಕೊಡುತ್ತೆ ಅಂತ ಓನರ್‌ಗಳು ಹೇಳೋದಕ್ಕೆ ಕಾರಣ ಇದೇ.

ಇನ್ನು ಆ 27.97 ಎಲ್ಲಿಂದ ಬಂತು? ರಸ್ತೆಯಿಂದಲ್ಲ. ನಮ್ಮ ದೇಶದ ಟೆಸ್ಟಿನಲ್ಲಿ ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸಿ ಸುಮಾರು 20 ನಿಮಿಷ ಒಂದು ಗೊತ್ತಾದ ವೇಗದ ನಕ್ಷೆಯ ಪ್ರಕಾರ ಓಡಿಸುತ್ತಾರೆ. ಮೊದಲ ಮುಖ್ಯ ಭಾಗ ಊರಿನ ಹಾಗೆ ನಿಂತು ಹೊರಡುವುದು, ಕೊನೆಗೆ ಸ್ವಲ್ಪ ಹೈವೇ, ಗರಿಷ್ಠ 90 ಕಿ.ಮೀ. ಒಟ್ಟು ಸಮಯದ ಕಾಲು ಭಾಗದ ಹತ್ತಿರ ಕಾರು ನಿಂತೇ ಇರುತ್ತೆ. ಎ.ಸಿ. ಆಫ್. ವೇಗ ಹೆಚ್ಚಿಸೋದು ಅಜ್ಜಿಯನ್ನು ಕೂರಿಸಿಕೊಂಡ ಹಾಗೆ, ಬಹಳ ನಿಧಾನ. ಈ ನಕ್ಷೆ ನೋಡಿದರೆ ಹೈಬ್ರಿಡ್‌ಗೆ ಇಷ್ಟವಾದ ಪ್ರಶ್ನೆಗಳೇ ಬಂದ ಪ್ರಶ್ನೆಪತ್ರಿಕೆ ಥರ ಕಾಣುತ್ತೆ. ಇದರಲ್ಲಿ ಮೋಸ ಏನೂ ಇಲ್ಲ, ಎಲ್ಲ ಕಾರಿಗೂ ಪರೀಕ್ಷೆ ಒಂದೇ. ಆದರೆ ಮೇ ತಿಂಗಳಲ್ಲಿ ಎ.ಸಿ. ಹಾಕಿಕೊಂಡು ತುಮಕೂರು ರಸ್ತೆಯಲ್ಲಿ ನೂರರಲ್ಲಿ ಹೋಗೋರು ಆ ನಂಬರ್ ನಂಬಿ ಲೆಕ್ಕ ಹಾಕಬಾರದು.

ಆದರೂ ಮೊದಲ ಸುತ್ತಿಗೆ ಆ ನಂಬರನ್ನೇ ಇಟ್ಟುಕೊಂಡೆವು, ಹೈಬ್ರಿಡ್‌ಗೆ ಅನುಕೂಲ ಆಗಲಿ ಅಂತ. ಅಂಕಲ್ ತಿಂಗಳಿಗೆ ಎರಡು ಸಲ ತಿಪಟೂರಿನಿಂದ ಕೆ.ಬಿ. ಕ್ರಾಸ್, ಗುಬ್ಬಿ, ತುಮಕೂರು ಮೇಲೆ ಬೆಂಗಳೂರಿಗೆ ಬಂದು ಹೋಗುತ್ತಾರೆ. ಒಂದು ಕಡೆಗೆ ಸುಮಾರು 140 ಕಿ.ಮೀ. ತೋಟ, ಮಂಡಿ, ನೆಂಟರ ಮದುವೆ ಸೇರಿಸಿ ವರ್ಷಕ್ಕೆ 8,000 ಕಿ.ಮೀ. ನೂರು ಕಿ.ಮೀ.ಗೆ 1.16 ಲೀಟರ್ ಉಳಿದರೆ ವರ್ಷಕ್ಕೆ 93 ಲೀಟರ್. ಲೀಟರಿಗೆ 103 ರೂಪಾಯಿ ಹಿಡಿದರೆ ಸುಮಾರು 9,600 ರೂಪಾಯಿ. ಮೂರು ಲಕ್ಷವನ್ನು ಇದರಿಂದ ಭಾಗಿಸಿ. ಮೂವತ್ತೊಂದು ವರ್ಷ! ನಾವು ಮೂರು ಸಲ ಕ್ಯಾಲ್ಕುಲೇಟರ್ ಒತ್ತಿದೆವು.

ತಕ್ಷಣ ಫೋನ್ ಮಾಡಿ "ಬೇಡ ಅಂಕಲ್" ಅಂದುಬಿಟ್ಟೆವು. ಅವರು ಹೇಳಿದ ಒಂದು ಮಾತಿಗೆ ನಮ್ಮ ಲೆಕ್ಕ ಬಿದ್ದುಹೋಯಿತು. "ನಂಗೆ ಮಂಡಿ ನೋವು ಕಣ್ರಪ್ಪಾ, ಕ್ಲಚ್ ತುಳಿಯಕ್ಕಾಗಲ್ಲ, ಆಟೋಮ್ಯಾಟಿಕ್ಕೇ ಬೇಕು." ಹೈಬ್ರಿಡ್ ಯಾವಾಗಲೂ ಆಟೋಮ್ಯಾಟಿಕ್. ನಾವು ಹೋಲಿಸಿದ್ದು ಮ್ಯಾನ್ಯುಯಲ್ ಜೊತೆ. ಆ ಮೂರು ಲಕ್ಷದಲ್ಲಿ ಒಂದು ಭಾಗ ಹೈಬ್ರಿಡ್‌ಗಲ್ಲ, ಆಟೋಮ್ಯಾಟಿಕ್‌ಗೆ, ಇನ್ನೊಂದಿಷ್ಟು ದೊಡ್ಡ ಸ್ಕ್ರೀನು, ಸನ್‌ರೂಫ್ ಇತ್ಯಾದಿಗೆ. ಕಾರಿನ ವಿಡಿಯೋಗಳಲ್ಲೂ ಬಹಳ ಜನ ಮಾಡೋ ತಪ್ಪು ಇದೇ. ಆಟೋಮ್ಯಾಟಿಕ್‌ನದೇ, ಅದೇ ಮಟ್ಟದ ಫೀಚರ್ ಇರುವ ಕೊಟೇಷನ್ ತರಿಸಿದಾಗ ವ್ಯತ್ಯಾಸ 1.75 ಲಕ್ಷಕ್ಕೆ ಇಳಿಯಿತು. ಉಳಿತಾಯ ನೂರು ಕಿ.ಮೀ.ಗೆ 1.28 ಲೀಟರ್‌ಗೆ ಏರಿ ವರ್ಷಕ್ಕೆ ಸುಮಾರು 10,600 ರೂಪಾಯಿ ಆಯಿತು. ಈಗ ಹದಿನಾರೂವರೆ ವರ್ಷ. ಅದೂ ಟೆಸ್ಟ್ ನಂಬರಿನಲ್ಲಿ, ಹೈವೇಯಲ್ಲಿ ಅಂತರ ಕಡಿಮೆ ಆಗುತ್ತೆ ಅನ್ನೋದನ್ನು ಸೇರಿಸದೆ. ನಮ್ಮ ರೂಮ್‌ಮೇಟ್ ಇನ್ನೊಂದು ಸಾಲು ಬರೆದ: 1.75 ಲಕ್ಷಕ್ಕೆ 9 ಪರ್ಸೆಂಟ್ ಬಡ್ಡಿ ಮೊದಲ ವರ್ಷ 15,750. ಉಳಿಯೋ ಪೆಟ್ರೋಲಿಗಿಂತ ಬಡ್ಡಿಯೇ ಜಾಸ್ತಿ.

ಅದೇ ಪೇಪರಿನ ಹಿಂಭಾಗದಲ್ಲಿ ಮಾವನ ಲೆಕ್ಕ ಹಾಕಿದೆವು. ಅವರು ಪೆಟ್ರೋಲ್ ಹೈಕ್ರಾಸ್‌ಗಿಂತ ನಾಲ್ಕೂವರೆ ಲಕ್ಷ ಜಾಸ್ತಿ ಕೊಟ್ಟಿದ್ದಾರೆ. ಕೇಳೋಕೆ ಅಂಕಲ್‌ಗಿಂತ ಕೆಟ್ಟ ವ್ಯವಹಾರ. ಆದರೆ ವರ್ಷಕ್ಕೆ ಓಡಿಸೋದು 50,000 ಕಿ.ಮೀ. ನೂರಕ್ಕೆ 1.90 ಲೀಟರ್ ಅಂದರೆ 950 ಲೀಟರ್, ಸುಮಾರು 98,000 ರೂಪಾಯಿ. ಐದು ವರ್ಷದೊಳಗೆ ವಸೂಲು, ಕಾರಿನ ಸಾಲ ತೀರೋ ಹೊತ್ತಿಗೆ. ಔಟರ್ ರಿಂಗ್ ರೋಡಿನ ಟ್ರಾಫಿಕ್ ಸೇರಿಸಿದರೆ ಇನ್ನೂ ಬೇಗ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಮಾವನ ಕಾರು ವರ್ಷಕ್ಕೆ ಎರಡು ಟನ್‌ಗಿಂತ ಹೆಚ್ಚು ಉಳಿಸುತ್ತೆ, ಅಂಕಲ್ ಕಾರು ಉಳಿಸೋದು ಕಾಲು ಟನ್ ಕೂಡ ಇಲ್ಲ. ಪರಿಸರದ ಲೆಕ್ಕವೂ ದುಡ್ಡಿನ ಲೆಕ್ಕದ ಜೊತೆಗೇ ನಡೀತಾ ಇದೆ ಅನ್ನೋದು ನಮಗೆ ಹೊಸದು. ಹೈಬ್ರಿಡ್ ಅಂತ ಬ್ಯಾಡ್ಜ್ ಹಾಕಿಕೊಂಡ ಕಾರು ವಾರಪೂರ್ತಿ ಶೆಡ್ಡಿನಲ್ಲಿ ನಿಂತರೆ ಯಾರಿಗೂ ಏನೂ ಉಳಿಯಲ್ಲ. ಸರ್ಕಾರ ಎಲೆಕ್ಟ್ರಿಕ್ ಕಾರಿಗೆ 5 ಪರ್ಸೆಂಟ್ ಜಿಎಸ್‌ಟಿ ಹಾಕಿ, ಈ ಗಾತ್ರದ ಹೈಬ್ರಿಡ್ಡನ್ನು ದೊಡ್ಡ ಪೆಟ್ರೋಲ್ ಕಾರುಗಳ ಸಾಲಿನಲ್ಲೇ ಕೂರಿಸಿದೆ. ಟ್ಯಾಕ್ಸಿಗಳಿಗಾದರೂ ಬೇರೆ ದರ ಇದ್ದರೆ ಚೆನ್ನಾಗಿತ್ತು ಅಂತ ಮಾವ ಗೊಣಗುತ್ತಾರೆ. ನಮಗೂ ಹಾಗೇ ಅನಿಸಿತು.

ಭಾನುವಾರ ಮತ್ತೆ ಸ್ಪೀಕರ್ ಫೋನು. ಎಲ್ಲ ಹೇಳಿದೆವು. ಅಂಕಲ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರಿಗೆ ಹೈಬ್ರಿಡ್ ಮೇಲೆ ಆಸೆ ಆಗಿಹೋಗಿತ್ತು ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು. ಟೆಸ್ಟ್ ಡ್ರೈವ್‌ನಲ್ಲಿ ಕಾರು ಸದ್ದೇ ಇಲ್ಲದೆ ಹೊರಟದ್ದನ್ನು ಆಂಟಿಗೆ ಎರಡು ಸಲ ಹೇಳಿದ್ದರಂತೆ. ಸದ್ದಿಲ್ಲದ ಕಾರಿಗೆ ಬೆಲೆ ಕಟ್ಟೋಕೆ ನಮ್ಮ ಹತ್ತಿರ ಸೂತ್ರ ಇಲ್ಲ. ಅದನ್ನೂ ಹೇಳಿದೆವು. "ಪೆಟ್ರೋಲ್ ಉಳಿಯುತ್ತೆ ಅಂತ ತಗೋಬೇಡಿ ಅಂಕಲ್. ಇಷ್ಟ ಅಂತ ತಗೊಳ್ಳೋದಾದ್ರೆ ಅದು ಬೇರೆ ಮಾತು."

"ಇಷ್ಟಕ್ಕೆ ಒಂದು ಮುಕ್ಕಾಲು ಲಕ್ಷ ಕೊಡಕ್ಕಾಗಲ್ಲ ಕಣ್ರಪ್ಪಾ, ಡ್ರಿಪ್ ಹಾಕಿಸ್ಬೇಕು" ಅಂದರು. ಮಾಮೂಲಿ ಆಟೋಮ್ಯಾಟಿಕ್ ಬುಕ್ ಆಗಿದೆ, ಮುಂದಿನ ತಿಂಗಳು ಬರುತ್ತಂತೆ. ನಮ್ಮ ರೂಮ್‌ಮೇಟ್ ಊರಿಗೆ ಹೋಗುವಾಗ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟು ಕಳಿಸಿದ್ದೀವಿ. ಪ್ರತಿ ಸಲ ಬಂಕಿನಲ್ಲಿ ನಾಝಲ್ ತಾನಾಗೇ ಕಟ್ ಆಗೋವರೆಗೆ ತುಂಬಿಸಬೇಕು, ಲೀಟರ್ ಎಷ್ಟು, ಓಡೋಮೀಟರ್ ಎಷ್ಟು ಅಂತ ಬರೀಬೇಕು, ಡ್ಯಾಷ್‌ಬೋರ್ಡ್ ತೋರಿಸೋ ಮೈಲೇಜನ್ನು ಪಕ್ಕದಲ್ಲಿ ಬೇರೆ ಕಾಲಮ್ಮಿನಲ್ಲಿ. ಮಾವನಿಗೂ ಅಂಥದ್ದೇ ಒಂದು ಕೊಟ್ಟಿದ್ದೀವಿ. ಅವರು ಮೊದಲ ಪುಟದಲ್ಲಿ ಗಣೇಶನ ಚಿತ್ರ ಅಂಟಿಸಿ ಬರೆಯೋಕೆ ಶುರು ಮಾಡಿದ್ದಾರೆ.